ಬಾಗಿಲಲ್ಲಿ ನಿಂತ ಮೈ-ಲಿಸ್

ಮಾರ್ಚ್ ತಿಂಗಳ ಆ ದಿನ ಬೆಳಗಿನಿಂದಲೂ ಬಾಗಿಲಿನ ದೃಶ್ಯ ಕೈಗೆ ಹತ್ತುತ್ತಿರಲಿಲ್ಲ. ನದಿಯ ಮೇಲೆ ಇನ್ನೂ ಗಟ್ಟಿ ಹಿಮ. ಮಧ್ಯಾಹ್ನದ ಬಿಸಿಲಿಗೆ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತ್ತು. ಆ ಸದ್ದು ಮೈಕಿಗೆ ಸಿಗದಿರಲೆಂದು ದಾರ್ಯೂಷ್ ಹೊರಗೆ ಹೋಗಿ ಮೆಟ್ಟಿಲ ಪಕ್ಕ ಹಳೆಯ ಕಂಬಳಿ ಹಾಸಿ ಬಂದಿದ್ದ. ಕ್ಯಾಮೆರಾ ಅವನದು, ಎಡಿಟಿಂಗೂ ಅವನದೇ. ತೂರಾ ವಿಕ್‌ಸ್ಟ್ರೋಮ್ ಮಾಡಿದ ಮೊದಲೆರಡು ಕಿರುಚಿತ್ರಗಳಲ್ಲೂ ಅವಳ ಜೊತೆಗಿದ್ದವನು ಅವನು.

ಈ ಮೂರನೆಯದರ ಕತೆ ಸರಳವಾಗಿತ್ತು. ಜಗಳವಾಡಿಕೊಂಡು ನಾರ್ವೆಗೆ ಹೋದ ತಮ್ಮ ಮುದುಕನಾಗಿ ಅಕ್ಕನ ಮನೆಗೆ ಬರುತ್ತಾನೆ. ಅಕ್ಕ ಬಾಗಿಲು ತೆಗೆಯುತ್ತಾಳೆ, ನೋಡಿದ ಕ್ಷಣಕ್ಕೇ ಗುರುತು ಹಿಡಿಯುತ್ತಾಳೆ. ಆದರೂ ಹಳೆಯ ಸಿಟ್ಟಿಗೆ, "ಯಾರು ನೀವು?" ಎನ್ನುತ್ತಾಳೆ. ಆ ಒಂದು ಮಾತಿನ ಮೇಲೆ ಇಡೀ ಚಿತ್ರ ನಿಂತಿತ್ತು. ಅಕ್ಕನ ಪಾತ್ರದ ಮೈ-ಲಿಸ್ ನೂರ್‌ಬರಿ ಮಾತ್ರ ಪ್ರತಿ ಸಲವೂ ಸೊಂಟದ ಮೇಲೆ ಕೈಯಿಟ್ಟು, ನದಿಯ ಆಚೆ ದಡಕ್ಕೆ ಕೇಳುವ ಹಾಗೆ ಆ ಮಾತನ್ನು ಒಗೆಯುತ್ತಿದ್ದಳು.

"ಮೈ-ಲಿಸ್, ಇಷ್ಟು ಜೋರು ಬೇಡ," ಎಂದಳು ತೂರಾ. "ಕ್ಯಾಮೆರಾ ಇಲ್ಲೇ ನಿಮ್ಮ ಮೂಗಿನ ಹತ್ರಾನೇ ಇದೆ."

"ಸ್ಕೂಲ್ ಅಡುಗೆಮನೇಲಿ ಮಕ್ಕಳನ್ನ ಊಟಕ್ಕೆ ಕೂಗಿ ಕೂಗಿ ಗಂಟಲು ಹೀಗಾಗಿದೆ ಕಣೇ ಹುಡುಗಿ. ಎಲ್ಲಾದ್ರೂ ಗುಂಡಿ ಇದ್ರೆ ನೀನೇ ತಿರುಗಿಸಿ ಕಡಿಮೆ ಮಾಡು."

ತಮ್ಮನ ಪಾತ್ರಕ್ಕೆ ಉಮೆಯೊ ನಗರದಿಂದ ಬಂದಿದ್ದ ನಟ ಹೋಕನ್ ಹೊಸ್ತಿಲಾಚೆ ಚಳಿಯಲ್ಲಿ ಕಾಲು ಕುಟ್ಟುತ್ತ ನಿಂತಿದ್ದ. "ಈಕೆ ಕೂಗೋದು ಕೇಳಿದ್ರೆ ವಾಪಸ್ ನಾರ್ವೆಗೇ ಓಡಿಹೋಗೋಣ ಅನ್ಸುತ್ತೆ," ಎಂದ. ಎಲ್ಲರೂ ನಕ್ಕರು. ತೂರಾಳೂ ನಕ್ಕಳು, ನಗುತ್ತಲೇ ಕಿಟಕಿಯತ್ತ ನೋಡಿದಳು. ಬೆಳಕು ಇಳಿಯುತ್ತಿತ್ತು, ನಾಳೆಗೆ ಹೋಕನ್ ಇರುತ್ತಿರಲಿಲ್ಲ.

ಮೈ-ಲಿಸ್‌ಳನ್ನು ಹುಡುಕಿದ್ದು ತೂರಾಳೇ. ಕ್ರಾಮ್‌ಫೋರ್ಸ್ ಪೇಟೆಯ ಹವ್ಯಾಸಿ ತಂಡದವರು ಪ್ರತಿ ಬೇಸಿಗೆಯಲ್ಲಿ ಆಡುವ ನಗೆನಾಟಕದಲ್ಲಿ ಆಕೆ ಬಾಣಲೆ ಹಿಡಿದು ಗಂಡನನ್ನು ಅಟ್ಟಿಸಿಕೊಂಡು ಹೋಗುವುದನ್ನು ನೋಡಿ, ನಾಟಕ ಮುಗಿದ ಮೇಲೆ ಹೋಗಿ ಮಾತನಾಡಿಸಿದ್ದಳು. ಪರದೆಯ ಹಿಂದೆ ಬಣ್ಣ ಒರೆಸಿಕೊಳ್ಳುತ್ತ ಕೂತಿದ್ದ ಆಕೆಯ ಮುಖ, ಯಾರೂ ನೋಡುತ್ತಿಲ್ಲ ಎಂದುಕೊಂಡಾಗಿನ ಮುಖ, ತೂರಾಳಿಗೆ ಬೇಕಾಗಿದ್ದ ಮುಖವಾಗಿತ್ತು. ಅದು ಕ್ಯಾಮೆರಾದ ಮುಂದೆ ಬರಬೇಕೆಂದು ಅವಳು ಬೆಳಗಿನಿಂದ ಕಾಯುತ್ತಿದ್ದಳು.

"ಇನ್ನೊಂದು ಸಲ," ಎಂದಳು. ಹೋಕನ್ ಬಾಗಿಲು ತಟ್ಟಿದ.

ಈ ಸಲ ಮೈ-ಲಿಸ್ ಬರುವುದು ತಡವಾಯಿತು. ಬಂದವಳು ಬಾಗಿಲು ತೆಗೆದಳು, ಸೊಂಟಕ್ಕೆ ಕೈ ಹೋಗಲಿಲ್ಲ. ಹೋಕನ್‌ನನ್ನು ನೋಡಿದಳು. ಅವನ ಬೂಟನ್ನು ನೋಡಿದಳು. ಮತ್ತೆ ಮುಖ ನೋಡಿದಳು. "ಯಾರು ನೀವು?" ಎಂದಳು. ಧ್ವನಿ ಎಷ್ಟು ತಗ್ಗಿತ್ತೆಂದರೆ ದಾರ್ಯೂಷ್ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡ.

ಹೋಕನ್ ಅನುಭವಸ್ಥ. ಬರೆದಿದ್ದ ಮಾತು ಹೇಳಿದ. "ನಾನು ಕಣೇ. ಚಳಿ ಇದೆ, ಒಳಗೆ ಬಿಡೋದಿಲ್ವಾ?"

"ಇದು ಯಾರ ಮನೆ?" ಎಂದಳು ಮೈ-ಲಿಸ್.

ಆ ಮಾತು ಚಿತ್ರಕತೆಯಲ್ಲಿರಲಿಲ್ಲ. ಆ ನೋಟ ತೂರಾಳಿಗೆ ಚೆನ್ನಾಗಿ ಗೊತ್ತಿತ್ತು. ಸಿನಿಮಾ ಅವಳ ಕನಸಾದರೆ ಅನ್ನ ಕೊಡುತ್ತಿದ್ದ ಕೆಲಸ ಬೇರೆ. ವಾರದಲ್ಲಿ ನಾಲ್ಕು ದಿನ ಅವಳು ಒಂಟಿ ವೃದ್ಧರ ಮನೆಮನೆಗೆ ಕಾರಿನಲ್ಲಿ ಹೋಗಿ, ಊಟ ಬಿಸಿಮಾಡಿ, ಮಾತ್ರೆ ನುಂಗಿಸಿ, ಕಾಲುಚೀಲ ಏರಿಸಿ ಬರುವವಳು. ತಮ್ಮದೇ ಅಡುಗೆಮನೆಯಲ್ಲಿ ನಿಂತು ಇದು ಯಾರ ಮನೆ ಎಂದು ಕೇಳುವವರನ್ನು ಅವಳು ದಿನಾ ನೋಡುತ್ತಿದ್ದಳು. ಹಾಗಾದಾಗ ಏನು ಮಾಡಬೇಕೆಂದೂ ಗೊತ್ತಿತ್ತು. ಹತ್ತಿರ ಹೋಗಬೇಕು, ಕೈ ಹಿಡಿಯಬೇಕು, ಮೆಲ್ಲಗೆ ಹೆಸರು ಹಿಡಿದು ಕರೆಯಬೇಕು.

ದಾರ್ಯೂಷ್ ಕ್ಯಾಮೆರಾದಿಂದ ಕಣ್ಣು ತೆಗೆದು ಇವಳ ಕಡೆ ನೋಡಿದ. "ನಿಲ್ಲಿಸಬೇಡ," ಎಂದು ಪಿಸುಗುಟ್ಟಿದಳು ತೂರಾ.

ಮೈ-ಲಿಸ್ ಕೋಟಿಗಾಗಿ ಗೋಡೆ ತಡಕಾಡಿದಳು. ಗೂಟದಲ್ಲಿದ್ದದ್ದು ಬೇರೆ ಯಾರದೋ ಕೋಟು. ಅದನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. ಒಲೆಯ ಮೇಲೆ ಆಲೂಗಡ್ಡೆ ಇಟ್ಟಿದ್ದೇನೆ, ಮನೆಗೆ ಹೋಗಬೇಕು ಎಂದಳು. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ಯಾರನ್ನೋ ಕರೆದಳು. ತೂರಾ ಇದ್ದಲ್ಲೇ ನಿಂತಳು. ಇಷ್ಟು ವರ್ಷ ಹುಡುಕಿದ್ದು ಇದೇ, ಇದೇ ಎಂದು ಒಳಗೊಂದು ದನಿ ಕುಣಿಯುತ್ತಿತ್ತು. ಅವಳು ಮುಂದೆ ಹೋಗಿ "ಮೈ-ಲಿಸ್, ನಾನು ತೂರಾ, ಬನ್ನಿ ಕೂತ್ಕೊಳ್ಳಿ," ಎನ್ನುವ ಹೊತ್ತಿಗೆ ಬೇಕಾದದ್ದೆಲ್ಲ ಕ್ಯಾಮೆರಾದೊಳಗೆ ಬಂದಾಗಿತ್ತು.

ಒಂದು ಲೋಟ ಕಾಫಿ, ಒಂದು ದಾಲ್ಚಿನ್ನಿ ಬನ್ನು. ಅಷ್ಟರಲ್ಲಿ ಮೈ-ಲಿಸ್ ಮೊದಲಿನಂತಾಗಿದ್ದಳು. "ಹೇಗಿತ್ತೇ? ಸಾಕಾಯ್ತಾ, ಇನ್ನೂ ಕೂಗ್ಬೇಕಾ?" ಎಂದು ಕೇಳಿದಳು. ಹೋಕನ್ ಎದ್ದು ಬಂದು ಆಕೆಯ ಕೈಗೆ ಮುತ್ತಿಟ್ಟ. "ರಂಗಶಾಲೆಯಲ್ಲಿ ಹತ್ತು ವರ್ಷ ಕಲಿತ್ರೂ ನಂಗೆ ಹಾಗೆ ಬರೋಲ್ಲಮ್ಮ," ಎಂದ. ಮೈ-ಲಿಸ್ ನಕ್ಕಳು. ಆ ನಗು ಅರ್ಧಕ್ಕೇ ನಿಂತು, ಆಕೆ ತೂರಾಳ ಕಡೆ ಒಂದು ಸಲ ನೋಡಿದ್ದನ್ನು ಬೇರೆ ಯಾರೂ ಗಮನಿಸಲಿಲ್ಲ.

ಸಂಜೆ ಆಕೆಯನ್ನು ಮನೆಗೆ ಬಿಡಲು ತೂರಾಳೇ ಹೋದಳು. ಸೇತುವೆ ದಾಟಿದ ಮೇಲೆ ಮೈ-ಲಿಸ್ ಕಿಟಕಿಯಾಚೆ ನೋಡುತ್ತಲೇ ಹೇಳಿದಳು:

"ನಿಂಗೆ ಗೊತ್ತಾಯ್ತಲ್ಲ."

"ಏನು?"

"ಏನಂತೆ ಏನು! ನೀನು ದಿನಾ ಮುದುಕರ ಮಧ್ಯೆ ಇರೋಳು. ನಂಗೆ ಅಂಗಡೀಲೂ ಒಂದು ಸಲ ಹೀಗೇ ಆಗಿತ್ತು. ಚೀಸ್ ಮುಂದೆ ನಿಂತಿದ್ದೆ, ಯಾವೂರು ಅಂತಾನೇ ಗೊತ್ತಾಗ್ಲಿಲ್ಲ." ಆಕೆ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ತಿರುವುತ್ತಿದ್ದಳು. "ಆನೆಲಿಗೆ ಹೇಳ್ಬೇಡ ಮಗಳೇ. ಹೇಳಿದ್ರೆ ಗೋಥೆನ್‌ಬರ್ಗ್‌ನಿಂದ ಓಡಿಬರ್ತಾಳೆ. ಕಾರಿನ ಕೀ ಕಿತ್ಕೊಳ್ತಾಳೆ, ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾಳೆ. ಈ ಬೇಸಿಗೆ ನಾಟಕ ಒಂದು ಮುಗೀಲಿ. ಆಮೇಲೆ ನಾನೇ ಹೇಳ್ತೀನಿ."

"ಹೇಳೋದಿಲ್ಲ," ಎಂದಳು ತೂರಾ. ಮಾತು ಕೊಡುವುದು ಎಷ್ಟು ಸಲೀಸಾಗಿತ್ತೆಂದರೆ ಅವಳಿಗೇ ಒಂದು ಥರ ಆಯಿತು. ಆನೆಲಿ ಮೈ-ಲಿಸ್‌ಳ ಒಬ್ಬಳೇ ಮಗಳು. ಅವಳಿಗೆ ಹೇಳಿದರೆ ಬಾಗಿಲಲ್ಲಿ ಚಿತ್ರಿಸಿದ ಆ ಟೇಕಿನ ಮಾತೂ ಬರುತ್ತದೆ. ಹೇಳದಿದ್ದರೆ ಎಲ್ಲರಿಗೂ ಒಳ್ಳೆಯದು. ಆ ಟೇಕನ್ನು ಬಳಸಬಹುದೇ ಎಂದು ಅಲ್ಲೇ, ಕಾರಿನಲ್ಲೇ ಕೇಳಬಹುದಿತ್ತು. ಕೇಳುವುದಕ್ಕೆ ಇನ್ನೂ ಹೊತ್ತಿದೆ ಅಂದುಕೊಂಡಳು.

ಸ್ಟಾಕ್‌ಹೋಮ್‌ನ ಚಲನಚಿತ್ರ ಶಾಲೆ ತೂರಾಳನ್ನು ಎರಡು ಸಲ ಬೇಡವೆಂದಿತ್ತು. ಅವಳ ಮೊದಲ ಕಿರುಚಿತ್ರವನ್ನು ನೋಡಿದವರು ಊರಿನ ಗ್ರಂಥಾಲಯದಲ್ಲಿ ಸೇರಿದ್ದ ಕೆಲವು ಮಂದಿ, ಅದರಲ್ಲಿ ಅರ್ಧ ಅಪ್ಪನ ಸ್ನೇಹಿತರು. ಎರಡನೆಯದು ಒಂದೆರಡು ಕಡೆ ಆಡಿತು, ಒಬ್ಬ ವಿಮರ್ಶಕ ಅದರ ಬಗ್ಗೆ ಒಂದು ವಾಕ್ಯ ಬರೆದ. "ಭರವಸೆ ಇದೆ" ಎಂಬುದು ಆ ವಾಕ್ಯದ ತಿರುಳು. ಮೂವತ್ತೆರಡರ ವಯಸ್ಸಿನವಳಿಗೆ ಭರವಸೆ ಎಂಬ ಮಾತು ಹೊಗಳಿಕೆಯಂತೆ ಕೇಳುವುದು ನಿಂತುಹೋಗುತ್ತದೆ. ಈ ಮೂರನೆಯದಕ್ಕೆ ಸ್ಟಾಕ್‌ಹೋಮ್‌ನ ಫ್ರೆಡ್ರಿಕಾ ಎಂಬ ನಿರ್ಮಾಪಕಿ ಸಿಕ್ಕಿದ್ದಳು. ಚಿತ್ರ ಚೆನ್ನಾಗಿ ಓಡಿದರೆ ತೂರಾ ಬರೆದಿಟ್ಟಿದ್ದ ಪೂರ್ಣ ಪ್ರಮಾಣದ ಚಿತ್ರಕತೆಯನ್ನೂ ಕೈಗೆತ್ತಿಕೊಳ್ಳುವುದಾಗಿ ಆಕೆ ಹೇಳಿದ್ದಳು.

ಮೇ ತಿಂಗಳಲ್ಲಿ ದಾರ್ಯೂಷ್‌ನ ಮನೆಯ ನೆಲಮಾಳಿಗೆಯಲ್ಲಿ ಎಡಿಟಿಂಗ್ ನಡೆಯಿತು. ಸುಂಡ್ಸ್‌ವಾಲ್‌ನಲ್ಲಿ ಬೆಳೆದ ದಾರ್ಯೂಷ್, ಇರಾನಿನಿಂದ ಬಂದ ಅಪ್ಪ ಅಮ್ಮನಿಗೂ ಅರ್ಥವಾಗದಷ್ಟು ಅಪ್ಪಟ ಉತ್ತರ ಸೀಮೆಯವನಾಗಿದ್ದ. ಹೌದು ಎನ್ನುವ ಬದಲು ಇಲ್ಲಿನವರಂತೆ ಸುಯ್ ಎಂದು ಉಸಿರನ್ನು ಒಳಗೆಳೆದುಕೊಳ್ಳುವವನು. ಬಾಗಿಲಿನ ಟೇಕನ್ನು ಅವನು ಹಿಂದೆ ಮುಂದೆ ಓಡಿಸಿ ನೋಡಿದ. ಆಮೇಲೆ ಕುರ್ಚಿ ತಿರುಗಿಸಿ ಕೂತ.

"ಒಂದು ಮಾತು ಕೇಳ್ತೀನಿ, ನಿಜ ಹೇಳು. ಇವ್ರು ಇಲ್ಲಿ ನಟಿಸ್ತಿಲ್ಲ, ಅಲ್ವಾ?"

ತೂರಾ ಅವನ ಮೇಜಿನ ಮೇಲಿದ್ದ ಕಾಫಿ ಲೋಟವನ್ನು ಎತ್ತಿ ಒಂದು ಗುಟುಕು ಕುಡಿದಳು. ತಣ್ಣಗಾಗಿತ್ತು.

"ನಾವಿಬ್ರೂ ಮೊದ್ಲೇ ಮಾತಾಡ್ಕೊಂಡಿದ್ವಿ. ಹೋಕನ್‌ಗೆ ಗೊತ್ತಾಗ್ದೇ ಇರೋ ಹಾಗೆ ಬೇರೆ ಥರ ಮಾಡೋಣ ಅಂತ."

"ನಂಗೂ ಹೇಳ್ಲಿಲ್ವಲ್ಲೇ."

"ನೀನೂ ಬೆಚ್ಚಿಬೀಳಬೇಕಿತ್ತು. ಅದಕ್ಕೇ."

ಅವನು ಸುಯ್ ಎಂದು ಉಸಿರೆಳೆದುಕೊಂಡ. ನಂಬಿದನೋ, ನಂಬಬೇಕೆಂದು ತೀರ್ಮಾನಿಸಿದನೋ, ಅವಳು ಕೇಳಲಿಲ್ಲ. ಮೈ-ಲಿಸ್ ಕೋಟು ತಡಕುವಲ್ಲಿಗೆ ದೃಶ್ಯವನ್ನು ಕತ್ತರಿಸಿದರು. ಆಮೇಲಿನದು ಬೇಡವೆಂದಳು ತೂರಾ. ಕತ್ತರಿಸಿದ ಮೇಲೆ ಅದು ನೆನಪಿನ ಕಾಯಿಲೆಯಂತೆ ಕಾಣಲಿಲ್ಲ. ಕ್ಷಮಿಸಲು ಮನಸ್ಸಿದ್ದೂ ಕ್ಷಮಿಸಲಾಗದ ಹೆಂಗಸಿನಂತೆ ಕಂಡಿತು. ಫ್ರೆಡ್ರಿಕಾ ನೋಡಿ ಫೋನ್ ಮಾಡಿದಳು. "ಇವ್ರನ್ನ ಎಲ್ಲಿಂದ ಹಿಡ್ಕೊಂಡು ಬಂದೆ ಮಾರಾಯ್ತಿ? ನಾನು ಅಡುಗೆಮನೇಲಿ ನಿಂತ್ಕೊಂಡು ಅತ್ತುಬಿಟ್ಟೆ."

ಬೇಸಿಗೆಯ ನಾಟಕಕ್ಕೆ ತೂರಾ ಹೋದಳು. ಮೈ-ಲಿಸ್ ಬಾಣಲೆ ಹಿಡಿದು ಓಡಿದಳು, ಜನ ಬಿದ್ದು ಬಿದ್ದು ನಕ್ಕರು. ಒಂದು ಕಡೆ ಮಾತು ಮರೆತಾಗ ಜೊತೆಯ ನಟ ಹೇಳಿಕೊಟ್ಟ, ಅದಕ್ಕೂ ನಕ್ಕರು. ನಾಟಕವಾದ ಮೇಲೆ ತೂರಾ ಆಕೆಯನ್ನು ಅಪ್ಪಿಕೊಂಡು, "ಆನೆಲಿಗೆ ಹೇಳಿದ್ರಾ?" ಎಂದು ಕೇಳಿದಳು. "ಆಗಸ್ಟಿಗೆ ಬರ್ತಾಳಲ್ಲ, ಆವಾಗ," ಎಂದಳು ಮೈ-ಲಿಸ್. ಆಗಸ್ಟ್ ಬಂತು, ಹೋಯಿತು. ಸೆಪ್ಟೆಂಬರಿನಲ್ಲಿ ಪೇಟೆಯ ಮುಖ್ಯರಸ್ತೆಯಲ್ಲಿ ಮೈ-ಲಿಸ್‌ಳ ಕೆಂಪು ಕಾರು ಎದುರು ದಿಕ್ಕಿನಲ್ಲಿ ಹೋಗುವುದು ಕಂಡಾಗ ತೂರಾ ಕೈ ಬೀಸಿದಳು. ಆಕೆಯೂ ಬೀಸಿದಳು. ಸರಿಯಾಗೇ ಓಡಿಸುತ್ತಿದ್ದಾಳೆ ಎಂದು ತೂರಾ ತನಗೆ ತಾನೇ ಹೇಳಿಕೊಂಡಳು.

ನವೆಂಬರಿನಲ್ಲಿ, ಮೊದಲ ಹಿಮ ಬಿದ್ದ ವಾರ, ಮೈ-ಲಿಸ್ ಅಂಗಡಿಗೆಂದು ಹೊರಟವಳು ಊರಿನಿಂದ ಬಹಳ ದೂರದ ಕಾಡುದಾರಿಯಲ್ಲಿ ಸಿಕ್ಕಳು. ಕಾರು ಹಳ್ಳಕ್ಕೆ ಇಳಿದಿತ್ತು. ಆಕೆ ಇಳಿದು ನಡೆಯಲು ಹೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಮರ ಕಡಿಯಲು ಹೋದವನೊಬ್ಬ ಮರುದಿನ ಬೆಳಿಗ್ಗೆ ಕಾರನ್ನು ಕಂಡ. ಬದುಕಿದ್ದೇ ದೊಡ್ಡದು ಎಂದರು. ಎಡಗಾಲಿನ ಬೆರಳುಗಳನ್ನು ಚಳಿ ತಿಂದುಹಾಕಿತ್ತು.

ಈ ಸುದ್ದಿ ತೂರಾಳಿಗೆ ಸಿಕ್ಕಿದ್ದು ಕೆಲಸದ ಕಡೆಯ ಕಾಫಿ ಕೋಣೆಯಲ್ಲಿ. "ಪಾಪ, ಮೊದ್ಲೇ ಯಾರಿಗಾದ್ರೂ ಗೊತ್ತಾಗ್ಬೇಕಿತ್ತು ಕಣ್ರೇ," ಎಂದಳು ಒಬ್ಬಳು. "ಇದೇನು ಒಂದೇ ದಿನಕ್ಕೆ ಬರೋ ಕಾಯಿಲೇನಾ?" ತೂರಾ ಎದ್ದು ಹೋಗಿ ಲೋಟ ತೊಳೆದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಆ ವಾರ ಆಸ್ಪತ್ರೆಗೂ ಹೋದಳು. ಮೈ-ಲಿಸ್ ನಿದ್ದೆಯಲ್ಲಿದ್ದಳು. ಹೂವಿಟ್ಟು, ಆನೆಲಿ ಎದುರಾಗುವ ಮೊದಲೇ ಹೊರಟುಬಂದಳು.

ಡಿಸೆಂಬರಿನಲ್ಲಿ ಫ್ರೆಡ್ರಿಕಾಳ ಕರೆ ಬಂತು. ಗೋಥೆನ್‌ಬರ್ಗ್‌ನ ಒಂದು ಉತ್ಸವಕ್ಕೆ ಚಿತ್ರ ಆಯ್ಕೆಯಾಗಿತ್ತು. ಫ್ರಾನ್ಸಿನ ಇನ್ನೊಂದು ಉತ್ಸವದವರೂ ಕೇಳಿದ್ದರು. ತೂರಾ ಫೋನ್ ಹಿಡಿದುಕೊಂಡು ಅಳತೊಡಗಿದಳು, ಅದು ಸಂತೋಷದ ಅಳುವೆಂದು ಫ್ರೆಡ್ರಿಕಾ ತಿಳಿದಳು. ಸ್ವಲ್ಪ ಸಂತೋಷವೂ ಇತ್ತು.

ಜನವರಿಯ ಕೊನೆಯಲ್ಲಿ, ತುಂಬಿದ ಚಿತ್ರಮಂದಿರದಲ್ಲಿ, ಬಾಗಿಲಿನ ದೃಶ್ಯ ಬಂದಾಗ ಯಾರೂ ಕೆಮ್ಮಲಿಲ್ಲ. ತೂರಾ ಆ ನಿಶ್ಶಬ್ದವನ್ನು ಮೈಯಿಡೀ ಕೇಳಿಸಿಕೊಂಡಳು. ಅದಕ್ಕಾಗಿಯೇ ಅವಳು ಇಷ್ಟು ವರ್ಷ ಬದುಕಿದ್ದು. ಚಿತ್ರ ಮುಗಿದ ಮೇಲೆ ಅವಳನ್ನು ವೇದಿಕೆಗೆ ಕರೆದು ಕೈಗೆ ಮೈಕು ಕೊಟ್ಟರು. ಒಬ್ಬ ಯುವಕ ಎದ್ದು ಕೇಳಿದ: "ಬಾಗಿಲಲ್ಲಿ ಆ ಅಮ್ಮನ ಮುಖ... ಅಂಥ ಅಭಿನಯವನ್ನ ಹೇಗೆ ಹೊರಗೆ ತೆಗೆಸಿದ್ರಿ?"

ನಿಜ ಹೇಳಲು ಒಂದು ಉಸಿರಿನಷ್ಟು ಹೊತ್ತಿತ್ತು. "ತುಂಬಾ ದಿನ ಜೊತೆಗೆ ಕೂತು ಆ ದೃಶ್ಯದ ಮೇಲೆ ಕೆಲಸ ಮಾಡಿದ್ವಿ," ಎಂದಳು ತೂರಾ. "ಮೈ-ಲಿಸ್‌ಗೆ ಅಪರೂಪದ ಧೈರ್ಯ ಇದೆ. ಇವತ್ತು ಹುಷಾರಿಲ್ಲದೆ ಬರೋಕಾಗ್ಲಿಲ್ಲ." ಜನ ಚಪ್ಪಾಳೆ ತಟ್ಟಿದರು.

ಹೊರಗಿನ ಹಜಾರದಲ್ಲಿ ಒಬ್ಬ ಹೆಂಗಸು ಕೋಟು ಹಾಕಿಕೊಂಡೇ ನಿಂತಿದ್ದಳು. ಮೈ-ಲಿಸ್‌ಳದೇ ಅಗಲವಾದ ಹಣೆ, ಗಲ್ಲದ ಮೇಲೆ ಅದೇ ಗುಳಿ. ಹೆಸರು ಹೇಳುವ ಮೊದಲೇ ತೂರಾಳಿಗೆ ಗುರುತು ಸಿಕ್ಕಿತು.

"ನಾನು ಆನೆಲಿ," ಎಂದಳು ಆಕೆ. "ಅಮ್ಮನ ಸಿನಿಮಾ ಅಂತ ರಜೆ ಹಾಕಿ ಬಂದೆ. ತುಂಬಾ ದಿನ ಕೂತು ಕೆಲಸ ಮಾಡಿದ್ರಿ ಅಂದ್ರಲ್ಲ. ಎಲ್ಲಿ ಕೂತಿದ್ರಿ?"

ತೂರಾ ಬೆನ್ನ ಹಿಂದಿನ ಜನರತ್ತ ಒಮ್ಮೆ ನೋಡಿದಳು.

"ಅಮ್ಮ ನಟಿಸಿದ್ರೆ ಹೇಗಿರುತ್ತೆ ಅಂತ ನಂಗೆ ಗೊತ್ತು. ಚಿಕ್ಕಂದಿನಿಂದ ಪ್ರತಿ ಬೇಸಿಗೆ ಮೊದಲ್ನೇ ಸಾಲಲ್ಲಿ ಕೂತು ನೋಡಿದೀನಿ. ಅದು ನಟನೆ ಅಲ್ಲ. ಆಸ್ಪತ್ರೇಲಿ ನನ್ನನ್ನ ನೋಡಿದ್ಲಲ್ಲ, ಅದೇ ಮುಖ." ಆನೆಲಿಯ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು. "ನೀವು ವಯಸ್ಸಾದವ್ರನ್ನ ನೋಡ್ಕೊಳ್ಳೋ ಕೆಲಸ ಮಾಡ್ತೀರಿ ಅಂತ ಅಮ್ಮ ಹೇಳಿದ್ಲು. ಪಾಪ, ಎಷ್ಟು ಒಳ್ಳೇ ಹುಡುಗಿ ಅಂತ."

"ಅವರೇ ಹೇಳ್ಬೇಡ ಅಂದಿದ್ರು," ಎಂದಳು ತೂರಾ. "ನಾನು ಮಾತು ಕೊಟ್ಟಿದ್ದೆ. ನಿಮಗೆ ಅವರೇ..."

"ಮಾತು ಕೊಟ್ಯಾ? ಯಾರಿಗೆ ಅನುಕೂಲ ಆಯ್ತು ಅದ್ರಿಂದ?" ಆನೆಲಿ ಒಂದು ಹೆಜ್ಜೆ ಮುಂದೆ ಬಂದಳು. "ಮಾರ್ಚ್‌ನಿಂದ ನವೆಂಬರ್‌ತನಕ ಅವ್ಳು ಕಾರು ಓಡಿಸ್ತಿದ್ಲು. ನಾನು ಪ್ರತಿ ಭಾನುವಾರ ಫೋನ್ ಮಾಡ್ತಿದ್ದೆ, ಹವಾಮಾನದ ಬಗ್ಗೆ ಮಾತಾಡ್ತಿದ್ವಿ. ಒಂದು ಫೋನ್ ಮಾಡಿದ್ರೆ ಸಾಕಿತ್ತು ನೀನು. ಒಂದೇ ಒಂದು."

ಅಷ್ಟರಲ್ಲಿ ಯಾರೋ ತೂರಾಳ ಭುಜ ಮುಟ್ಟಿ ಅಭಿನಂದನೆ ಹೇಳಿದರು. ಅವಳು ತಿರುಗಿ ಥ್ಯಾಂಕ್ಸ್ ಎಂದಳು. ಅಭ್ಯಾಸದ ಬಲ. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಆನೆಲಿ ಬಾಗಿಲ ಹತ್ತಿರ ಹೋಗಿದ್ದಳು. ತೂರಾ ಓಡಿಹೋದಳು.

"ಚಿತ್ರ ಹಿಂದಕ್ಕೆ ತಗೋಬೇಕಾ? ಹೇಳಿ. ತಗೋತೀನಿ."

"ನನ್ನನ್ನ ಕೇಳ್ಬೇಡ," ಎಂದಳು ಆನೆಲಿ. "ಅವ್ಳನ್ನ ಕೇಳ್ಬೇಕಿತ್ತು. ಅವ್ಳಿಗೆ ಉತ್ತರ ಹೇಳೋಕೆ ಆಗ್ತಿದ್ದಾಗ."

ಫೆಬ್ರವರಿಯಲ್ಲಿ ತೂರಾ ಲ್ಯಾಪ್‌ಟಾಪ್ ಹಿಡಿದುಕೊಂಡು ಮೈ-ಲಿಸ್ ಇದ್ದ ಆರೈಕೆ ಮನೆಗೆ ಹೋದಳು. ಕೇಳಿಯೇ ತೀರಬೇಕೆಂದು ಹೋದದ್ದು. ಮೈ-ಲಿಸ್ ಗಾಲಿಕುರ್ಚಿಯಲ್ಲಿ ಕಿಟಕಿಯ ಬಳಿ ಕೂತಿದ್ದಳು, ಕೂದಲನ್ನು ಯಾರೋ ನೀಟಾಗಿ ಬಾಚಿದ್ದರು. ಅಂದು ಆಕೆಗೆ ಒಳ್ಳೆಯ ದಿನ. "ಬಾರೇ, ಬಾ," ಎಂದಳು. ಹೆಸರು ಹೇಳಲಿಲ್ಲ. ಇಲ್ಲಿನ ಕಾಫಿ ನೀರು ನೀರು, ಆಲೂಗಡ್ಡೆಗೆ ಉಪ್ಪೇ ಹಾಕೋದಿಲ್ಲ ಎಂದು ದೂರಿದಳು. ತೂರಾ ಪಕ್ಕದಲ್ಲಿ ಕೂತು ಚಿತ್ರ ಹಚ್ಚಿದಳು.

ತನ್ನ ಮುಖ ಪರದೆಯ ಮೇಲೆ ಬಂದಾಗ ಮೈ-ಲಿಸ್ ಖುಷಿಯಿಂದ ತೊಡೆ ತಟ್ಟಿಕೊಂಡಳು. "ಆ ಏಪ್ರನ್ ನೋಡು! ಯಾವ ಕಾಲದ್ದೋ!" ಎಂದಳು. ಹೋಕನ್ ನಡೆದು ಬರುವುದನ್ನು ನೋಡಿ, "ಗಂಡಸಿನ ನಡಿಗೆ ಚೆನ್ನಾಗಿದೆ," ಎಂದು ಕಣ್ಣು ಮಿಟುಕಿಸಿದಳು. ಆಮೇಲೆ ಬಾಗಿಲು ತೆರೆಯಿತು. ಮೈ-ಲಿಸ್‌ಳ ಕೈ ತೊಡೆಯ ಮೇಲೆ ನಿಂತುಹೋಯಿತು. ಪರದೆಯ ಮೇಲಿನವಳು ಇದು ಯಾರ ಮನೆ ಎಂದು ಕೇಳಿದಳು, ಗೋಡೆ ತಡಕಿದಳು.

"ಅಯ್ಯೋ, ಆ ಹೆಂಗಸು," ಎಂದಳು ಮೈ-ಲಿಸ್. "ಎಷ್ಟು ಹೆದ್ರಿದಾಳೆ ನೋಡು. ಅಲ್ಲಿ ಯಾರೂ ಇಲ್ವಾ? ಯಾರಾದ್ರೂ ಹೋಗಿ ಕೈ ಹಿಡ್ಕೋಬಾರ್ದಾ?"

ತೂರಾ ಲ್ಯಾಪ್‌ಟಾಪ್ ಮುಚ್ಚಿದಳು. ಕೇಳಬೇಕೆಂದು ಬಂದ ಪ್ರಶ್ನೆಯನ್ನು ಕೇಳಲಿಲ್ಲ. ಈಗ ಕೇಳಿದರೆ ಮೈ-ಲಿಸ್ "ಹೂಂ ಕಣೇ, ಬಳಸ್ಕೋ," ಎಂದೇ ಹೇಳುತ್ತಿದ್ದಳು. ಯಾರು ಏನು ಕೇಳಿದರೂ ಆಕೆ ಈಗ ಹೂಂ ಎನ್ನುತ್ತಿದ್ದಳು.

ಮನೆಗೆ ಬಂದವಳೇ ದಾರ್ಯೂಷ್‌ನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. "ನಂಗೆ ಗೊತ್ತಿತ್ತು," ಎಂದ ಅವನು. "ನೀನು ಸುಳ್ಳು ಹೇಳ್ತಿದೀಯ ಅಂತ ಅವತ್ತೇ ಗೊತ್ತಿತ್ತು. ಶಾಟ್ ಚೆನ್ನಾಗಿತ್ತಲ್ಲ, ಅದಕ್ಕೆ ನಂಬಿದೆ." ಆ ವಾರವೇ ಇಬ್ಬರೂ ಕೂತು ಆ ಟೇಕನ್ನು ತೆಗೆದು, ಬೆಳಗಿನ ಟೇಕುಗಳಲ್ಲಿ ಇದ್ದುದರಲ್ಲಿ ಒಳ್ಳೆಯದನ್ನು ಹಾಕಿದರು. ಸೊಂಟದ ಮೇಲೆ ಕೈಯಿಟ್ಟು ಕೂಗುವ ಮೈ-ಲಿಸ್ ಬಂದಳು. ಚಿತ್ರ ಅಲ್ಲಿಗೆ ಕುಸಿಯಿತು. ಇಬ್ಬರಿಗೂ ಕಂಡಿತು, ಆದರೂ ಹಾಗೇ ಫ್ರೆಡ್ರಿಕಾಳಿಗೆ ಕಳಿಸಿದರು.

ಫ್ರೆಡ್ರಿಕಾ ತಕ್ಷಣ ಫೋನ್ ಮಾಡಿದಳು. "ತಲೆ ಕೆಟ್ಟಿದೆಯಾ ನಿಂಗೆ? ಯಾರಾದ್ರೂ ದೂರು ಕೊಟ್ಟಿದಾರಾ? ಮಗಳು ಬೇಡ ಅಂದಿದಾಳಾ?"

"ಇಲ್ಲ."

"ಮತ್ತೆ?"

"ನಾನು ಬೇಡ ಅಂತಿದೀನಿ."

"ಬೇಡ ಅನ್ನೋದಿದ್ರೆ ಅವತ್ತೇ ಕ್ಯಾಮೆರಾ ನಿಲ್ಲಿಸ್ಬೇಕಿತ್ತು ತೂರಾ. ಈಗ ಈ ಶುದ್ಧ ಮನಸ್ಸು ಯಾರಿಗೆ ಬೇಕು?" ಮಾತು ಒರಟಾಗಿದ್ದರೂ ತಪ್ಪಿರಲಿಲ್ಲ. ಹೊಸ ರೂಪ ನೋಡಿದ ಫ್ರಾನ್ಸಿನವರು ವಿನಯವಾಗಿ ಬೇಡವೆಂದರು. ಪೂರ್ಣ ಪ್ರಮಾಣದ ಚಿತ್ರದ ಬಗ್ಗೆ ಫ್ರೆಡ್ರಿಕಾ ಮತ್ತೆ ಮಾತೆತ್ತಲಿಲ್ಲ. ಗೋಥೆನ್‌ಬರ್ಗ್‌ನಲ್ಲಿ ನೋಡಿದವರು ಮಾತ್ರ ಆ ಬಾಗಿಲಿನ ದೃಶ್ಯದ ಬಗ್ಗೆ ಅಲ್ಲಲ್ಲಿ ಹೇಳುತ್ತ, ಬರೆಯುತ್ತ ಇದ್ದರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾವ ಕತ್ತರಿಯೂ ಇರಲಿಲ್ಲ. ದಾರ್ಯೂಷ್ ಸ್ಟಾಕ್‌ಹೋಮ್‌ನಲ್ಲಿ ಪೊಲೀಸ್ ಧಾರಾವಾಹಿಯೊಂದರ ಕೆಲಸ ಹಿಡಿದ. "ಬರ್ತೀಯಾ? ಚಿತ್ರಕತೆಗೆ ಜನ ಹುಡುಕ್ತಿದಾರೆ," ಎಂದು ಕೇಳಿದ. ಈಗ ಬೇಡ ಎಂದಳು. ಬರೆಯಲು ಕೂತರೆ ಅವಳಿಗೆ ತನ್ನ ಪಾತ್ರಗಳ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಅವಳು ಮನೆಮನೆಯ ಕೆಲಸವನ್ನು ವಾರಪೂರ್ತಿ ಮಾಡತೊಡಗಿದಳು. ಬಿಡುವಾದಾಗ ಮೈ-ಲಿಸ್‌ಳ ಹತ್ತಿರ ಹೋಗಿ ಕೂರುತ್ತಿದ್ದಳು, ಉಪ್ಪು ಬೆಣ್ಣೆ ಸವರಿದ ತೆಳುರೊಟ್ಟಿ ಒಯ್ಯುತ್ತಿದ್ದಳು.

ಮೇ ಕೊನೆಯಲ್ಲಿ, ಬರ್ಚ್ ಮರಗಳು ಚಿಗುರಿದ ಮೇಲೆ, ಆನೆಲಿಯ ಫೋನ್ ಬಂತು. ಮುನ್ನುಡಿ ಇರಲಿಲ್ಲ.

"ಆ ಕೋಟು ಹುಡುಕ್ತಾಳಲ್ಲ, ಆಮೇಲೂ ಕ್ಯಾಮೆರಾ ಓಡ್ತಿತ್ತಾ?"

"ಓಡ್ತಿತ್ತು."

"ಆಮೇಲೆ ಏನಂದ್ಲು?"

"ಯಾರನ್ನೋ ಕರೆದ್ರು. ಹೆಸರು ನಂಗೆ ಸರಿಯಾಗಿ..."

"ನಂಗೆ ಅದು ಬೇಕು. ಪೂರ್ತಿ. ಕತ್ತರಿಸದೇ ಕಳ್ಸಿ."

ಮೂಲ ತುಣುಕು ದಾರ್ಯೂಷ್‌ನ ಬಳಿ ಇತ್ತು. ಅವನು ಹುಡುಕಿ ತೆಗೆದು, ಕಳಿಸುವ ಮೊದಲು ಕರೆ ಮಾಡಿದ. "ನೋಡು, ಇದ್ರಲ್ಲಿ ನೀನು ನಂಗೆ 'ನಿಲ್ಲಿಸಬೇಡ' ಅನ್ನೋದು ಕೇಳ್ಸುತ್ತೆ. ಮೈಕು ನಿನ್ನ ಪಕ್ಕಾನೇ ಇತ್ತು. ಅಷ್ಟು ಒರೆಸಿಬಿಡ್ಲಾ? ಯಾರಿಗೂ ಗೊತ್ತಾಗೋಲ್ಲ."

ತೂರಾ ಒಬ್ಬ ಮುದುಕನ ಅಂಗಳದಲ್ಲಿ ಕಾರಿನೊಳಗೆ ಕೂತಿದ್ದಳು. ಒರೆಸು ಎನ್ನುವ ಮಾತು ಬಾಯಿಯ ತುದಿಗೆ ಬಂದಿತ್ತು. ಅದು ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇದ್ದ ಹಾಗೇ ಕಳ್ಸು," ಎಂದಳು.

ಕೆಲವು ದಿನ ಕಳೆದ ಮೇಲೆ ಆನೆಲಿ ಕರೆ ಮಾಡಿದಾಗ ತೂರಾ ಯಾರದೋ ಅಡುಗೆಮನೆಯಲ್ಲಿ ಗುರುವಾರಗಳಂದು ಇಲ್ಲಿನವರು ತಪ್ಪದೆ ಉಣ್ಣುವ ಬಟಾಣಿ ಸಾರು ಬಿಸಿಮಾಡುತ್ತಿದ್ದಳು. ಒಲೆ ಆರಿಸಿ ಮೆಟ್ಟಿಲಿಗೆ ಬಂದಳು.

"ನೋಡ್ದೆ," ಎಂದಳು ಆನೆಲಿ. ಅತ್ತಿದ್ದ ದನಿ. "ಅವ್ಳು ಕರೆಯೋದು 'ಸಿಸ್ಸೆಲಾ' ಅಂತ. ಅವ್ಳ ತಂಗಿ. ಚಿಕ್ಕವಳಿದ್ದಾಗ್ಲೇ ನದೀಲಿ ಮುಳುಗಿ ಹೋದ್ಲಂತೆ. ಅಮ್ಮ ನನ್ನ ಹತ್ರ ಒಂದು ದಿನಾನೂ ಆ ಹೆಸರು ಎತ್ತಿಲ್ಲ. ದೊಡ್ಡಮ್ಮ ಒಂದು ಸಲ ಹೇಳಿದ್ರು ಅಷ್ಟೆ."

ತೂರಾ ಬೆನ್ನ ಹಿಂದಿನ ಬಾಗಿಲು ಎಳೆದುಕೊಂಡಳು.

"ಅದು ಸಿಕ್ಕಿದ್ದು ಒಳ್ಳೇದಾಯ್ತು ಅಂತ ನಾನು ಹೇಳೋದಿಲ್ಲ," ಎಂದಳು ಆನೆಲಿ. "ಅದನ್ನ ಕೇಳೋಕೆ ನೀವು ಕಾಯ್ತಿದ್ರೆ."

"ಇಲ್ಲ."

"ನಿಮ್ಮ ದನೀನೂ ಕೇಳ್ತು."

"ಗೊತ್ತು. ಅದು ಇರ್ಲಿ ಅಂತಲೇ ಕಳಿಸ್ದೆ."

ಆ ಕಡೆ ಗೋಥೆನ್‌ಬರ್ಗ್‌ನ ಟ್ರಾಮೊಂದು ಹಾದುಹೋದ ಸದ್ದು ಬಂತು.

"ಜೂನ್‌ನಲ್ಲಿ ಮಿಡ್‌ಸಮ್ಮರ್ ಹಬ್ಬಕ್ಕೆ ಬರ್ತಿದೀನಿ," ಎಂದಳು ಆನೆಲಿ. "ಎರಡು ವಾರ ಇರ್ತೀನಿ ಅಮ್ಮನ ಜೊತೆ. ನೀವು ಅಲ್ಲಿಗೆ ಹೋಗ್ತಿರ್ತೀರಿ ಅಂತ ಅಲ್ಲಿಯವ್ರು ಹೇಳಿದ್ರು. ಆ ಎರಡು ವಾರ ಬರ್ಬೇಡಿ."

"ಆಯ್ತು."

"ಆಮೇಲೆ ಬೇಕಿದ್ರೆ ಹೋಗಿ. ರೊಟ್ಟಿ ತಿಂತಾಳಂತೆ."

ಫೋನ್ ಕಟ್ಟಾಯಿತು. ಒಳಗಿನಿಂದ ಮುದುಕ ಕೂಗಿದ, ಸಾರು ಏನಾಯ್ತು ಎಂದು. ತೂರಾ ಒಂದು ನಿಮಿಷ ಮೆಟ್ಟಿಲ ಕಂಬ ಹಿಡಿದುಕೊಂಡು ನಿಂತಿದ್ದು, ಬಂದೆ ಎಂದು ಹೇಳಿ ಒಳಗೆ ಹೋಗಿ ಒಲೆ ಹಚ್ಚಿದಳು.